ಸಿಇಟಿ ಆಪ್ಷನ್ ಎಂಟ್ರಿ: ಬೇಕಾದ ಕಾಲೇಜನ್ನು ಮೇಲೆಯೇ ಹಾಕಿ

ಸಿಇಟಿ ರ‍್ಯಾಂಕ್ ಬಂತು ಅಂದರೆ ಅರ್ಧ ಕೆಲಸ ಮಾತ್ರ ಮುಗಿಯಿತು. ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕಕ್ಕೆ ಅರ್ಧ, ಸಿಇಟಿ ಅಂಕಕ್ಕೆ ಅರ್ಧ ತೂಕ ಕೊಟ್ಟು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಎಂಜಿನಿಯರಿಂಗ್ ರ‍್ಯಾಂಕ್ ಕೊಡುತ್ತದೆ. ಅದಾದ ಮೇಲಿನದ್ದು ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಕೋರ್ಸ್‌ಗಳನ್ನು ಇಷ್ಟದ ಕ್ರಮದಲ್ಲಿ ಪಟ್ಟಿ ಮಾಡಿ ಹಾಕುವುದು. ತುಂಬಾ ಮನೆಗಳು ಎಡವುವುದು ಇಲ್ಲೇ.

ಮೊದಲು ದಾಖಲೆ ಪರಿಶೀಲನೆಯ ವೆರಿಫಿಕೇಷನ್ ಸ್ಲಿಪ್ ತೆಗೆದು ಸಾಲು ಸಾಲಾಗಿ ಓದಿ. ಗ್ರಾಮೀಣ, ಕನ್ನಡ ಮಾಧ್ಯಮ, 371ಜೆ (ಕಲ್ಯಾಣ ಕರ್ನಾಟಕದವರ ಮೀಸಲಾತಿ), ಇದರಲ್ಲಿ ನಿಮಗೆ ಸಲ್ಲಬೇಕಾದದ್ದು ಸ್ಲಿಪ್‌ನಲ್ಲಿ ಇಲ್ಲದಿದ್ದರೆ ಸೀಟು ಹಂಚುವಾಗಲೂ ಇರುವುದಿಲ್ಲ.

ಆಮೇಲೆ ಪಟ್ಟಿ. ಕಂಪ್ಯೂಟರ್ ಮಾಡುವುದು ಇಷ್ಟೇ: ರ‍್ಯಾಂಕ್ ಪ್ರಕಾರ ಒಬ್ಬೊಬ್ಬರನ್ನೇ ತಗೊಂಡು, ಅವರ ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬಂದು, ಅವರಿಗೆ ಸಲ್ಲುವ ಸೀಟು ಖಾಲಿ ಇರುವ ಮೊದಲ ಆಪ್ಷನ್ನನ್ನೇ ಕೊಟ್ಟುಬಿಡುತ್ತದೆ. ಸಿಗದ ಕಾಲೇಜನ್ನು ಮೇಲೆ ಹಾಕಿದರೆ ನಷ್ಟವೇನೂ ಇಲ್ಲ, ಕೆಳಗಿನದಕ್ಕೆ ಇಳಿಯುತ್ತದೆ ಅಷ್ಟೇ. ಸಿಗುವಂಥದ್ದನ್ನು ಭಯದಿಂದ ಮೇಲೆ ಹಾಕಿದರೆ ಮಾತ್ರ ಕೆಟ್ಟಿತು.

ನಮ್ಮ ಅಕ್ಕನ ಮಗಳಿಗೆ ಆಗಿದ್ದು ಅದೇ. ಗೆರೆ ಹಾಳೆಯಲ್ಲಿ ಪೆನ್ಸಿಲ್‌ನಿಂದ ಅವಳು ಚೆಂದಾಗಿ ಬರೆದಿದ್ದಳು: ಕಾಲೇಜ್ ಕೋಡ್, ಕೋರ್ಸ್, ಪಕ್ಕದಲ್ಲಿ ಹಾಸ್ಟೆಲ್ ಇದೆಯೋ ಇಲ್ಲವೋ ಅಂತ. ‘ಇದು ನಿನಗೆ ಸಿಗಲ್ಲ’ ಅಂತ ಅವಳ ಮೊದಲ ಸಾಲಿಗೆ ಬಾಣ ಎಳೆದು ಕೆಳಗಿಳಿಸಿದ್ದು ನಾನು. ಹಾಗೆ ಮೇಲೆ ಬಂದ ಒಂದನೇ ಆಪ್ಷನ್ನೇ ಸಿಕ್ಕಿತು, ಅದಕ್ಕಿಂತ ಕೆಳಗಿದ್ದದ್ದೆಲ್ಲ ಪಟ್ಟಿಯಿಂದ ಹೋಯಿತು. ಅವಳಿಗೆ ಬೇಕಾದ ಕಾಲೇಜಿನ ಸೀಟು ಆ ವರ್ಷ ಅವಳ ರ‍್ಯಾಂಕ್ ದಾಟಿ ಮುಂದೆ ಹೋಗಿತ್ತು, ಅಂದರೆ ಮೇಲೆಯೇ ಬಿಟ್ಟಿದ್ದರೆ ಅವಳಿಗೆ ಸಿಗುತ್ತಿತ್ತು. ಇವತ್ತಿಗೂ ಅದು ನನಗೆ ಚುಚ್ಚುತ್ತದೆ.

ಹಾಗಂತ ನಾಲ್ಕೈದಕ್ಕೆ ನಿಲ್ಲಿಸಬೇಡಿ. ಕೆಳಗೆ ಜಾಸ್ತಿ ಹಾಕಿ, ಆದರೆ ಸಿಕ್ಕರೆ ಹೋಗುತ್ತೇನೆ ಅನ್ನುವುದನ್ನು ಮಾತ್ರ ಹಾಕಿ. ನಿಜವಾದ ಸುತ್ತಿಗೆ ಮೊದಲು ಅಣಕು ಹಂಚಿಕೆ (ಮಾಕ್ ಅಲಾಟ್‌ಮೆಂಟ್) ಬಂದಾಗ ನೋಡಿ, ಬೇಕಿದ್ದರೆ ಕ್ರಮ ಬದಲಿಸಿ. ಅದು ಸೀಟಲ್ಲ, ಅಂದಾಜು.

ನಿಜವಾದ ಸುತ್ತಿನಲ್ಲಿ ಸೀಟು ಬಂದರೆ ಛಾಯ್ಸ್ ಆರಿಸಬೇಕು. ಒಂದು ಅಂದರೆ ಇದೇ ಸಾಕು, ಶುಲ್ಕ ಕಟ್ಟಿ ಸೇರುತ್ತೇನೆ. ಎರಡು ಅಂದರೆ ಇದು ಇರಲಿ, ಇದಕ್ಕಿಂತ ಮೇಲಿನದು ಸಿಗುತ್ತಾ ನೋಡೋಣ. ಮೇಲಿನದು ಸಿಕ್ಕರೆ ಹಳೆಯದು ತಾನಾಗಿಯೇ ಕೈಬಿಟ್ಟು ಹೋಗುತ್ತದೆ. ಮೂರರಲ್ಲಿ ಕೈಯಲ್ಲಿದ್ದ ಸೀಟು ಬಿಟ್ಟು ಮುಂದಿನ ಸುತ್ತಿಗೆ ಹೋಗುತ್ತೀರಿ, ಅಲ್ಲಿ ಏನೂ ಸಿಗದೆಯೂ ಇರಬಹುದು. ನಾಲ್ಕು ಅಂದರೆ ಪೂರ್ತಿ ಹೊರಗೆ.

ಒಂದು ಒತ್ತಿದವರು ಶುಲ್ಕ ಕಟ್ಟಿ, ಪ್ರವೇಶ ಪತ್ರ ಪ್ರಿಂಟ್ ತೆಗೆದು, ಹೇಳಿದ ದಿನದೊಳಗೆ ಕಾಲೇಜಿಗೆ ಹೋಗಿ ಸೇರಿ. ತಡವಾದರೆ ಸೀಟು ರದ್ದಾಗುತ್ತದೆ.