ತುಂಬು ಬಿಡಿಸುವ ಕೈಗೆ ಎಷ್ಟು ಬೆರಳು?

ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯ ತೊಟ್ಟು, ಅಂದರೆ ಅಲ್ಲಿನವರ ಮಾತಿನಲ್ಲಿ ತುಂಬು, ಬಿಡಿಸುವ ಹೆಣ್ಣುಮಕ್ಕಳ ಬಗ್ಗೆ ಎರಡು ನಿಮಿಷದ ಅನಿಮೇಷನ್ ಚಿತ್ರವೊಂದನ್ನು ಹುಬ್ಬಳ್ಳಿಯ ನನ್ನ ಮನೆಯಲ್ಲಿಯೇ ಒಬ್ಬನೇ ಕುಳಿತು ಮಾಡುತ್ತಿದ್ದೇನೆ. ಸೆಕೆಂಡಿಗೆ 24 ಫ್ರೇಮ್. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮಿಗೆ ಬಳಸಿದರೂ ಒಟ್ಟು 1,440 ಚಿತ್ರಗಳು ಬೇಕು. ಸೀರೆಗೆ ಒಂದು ನೆರಿಗೆ ಹೆಚ್ಚಾದರೆ ಅದನ್ನು ನೂರಾರು ಸಲ ಎಳೆಯಬೇಕಾಗುವುದರಿಂದ ಆಕೃತಿಯನ್ನು ಸರಳಗೊಳಿಸದೆ ಗತ್ಯಂತರವಿಲ್ಲ. 1957ರಲ್ಲಿ ಆರಂಭವಾದ ಅಮೆರಿಕದ ಕಾರ್ಟೂನ್ ಸ್ಟುಡಿಯೊ ಹ್ಯಾನಾ-ಬಾರ್ಬೆರಾದವರು ತಮ್ಮ ಹಲವು ಪಾತ್ರಗಳಿಗೆ ಕಾಲರ್, ಟೈ ತೊಡಿಸಿದ್ದು ಕೂಡ ಮೈಯನ್ನು ಹಾಗೆಯೇ ಇಟ್ಟು ತಲೆಯನ್ನಷ್ಟೇ ಆಡಿಸಲು ಅನುಕೂಲವಾಗಲೆಂದು.

ನಾನು ತಪ್ಪಿದ್ದು ಅದರಾಚೆ. ಗೆರೆ ಕಡಿಮೆ ಮಾಡುವ ಭರದಲ್ಲಿ ಪಾತ್ರಗಳನ್ನೇ ಪಡಿಯಚ್ಚಿನಿಂದ ತೆಗೆದೆ. ದಲಾಲನಿಗೆ ದೊಡ್ಡ ಹೊಟ್ಟೆ, ಬೆರಳಿಗೆ ಉಂಗುರ. ಕೂಲಿಯ ಹೆಂಗಸಿಗೆ ಬಾಗಿದ ಬೆನ್ನು, ತೇಪೆಯ ಸೀರೆ, ಹೆಬ್ಬೆರಳೊಂದನ್ನು ಬಿಟ್ಟು ಉಳಿದ ಬೆರಳುಗಳೆಲ್ಲ ಒಂದೇ ಮುದ್ದೆಯಾದ ಕೈ, ಆ ಕೈಯಿಂದ ಒರೆಸಿಕೊಳ್ಳುವ ಕಣ್ಣೀರು. ದೊಡ್ಡಾಟದಲ್ಲಿ ವೇಷ, ಹೆಜ್ಜೆಗಳಿಂದಲೇ ರಾಕ್ಷಸನ ಗುರುತು ಸಿಗುವುದು ಆ ಕಲೆಯ ಸೊಗಸು. ಈ ಹೆಂಗಸಾದರೋ ಕಥೆಯ ಪಾತ್ರವಲ್ಲ, ತನ್ನ ಚಿತ್ರವನ್ನು ತಾನೇ ನೋಡುವವಳು.

ಕರಡನ್ನು ಫೋನಿನಲ್ಲಿ ತೋರಿಸಿದಾಗ ತುಂಬು ಬಿಡಿಸುವ ಹಿರಿಯರೊಬ್ಬರು, “ಅಲ್ಲೋ ತಮ್ಮಾ, ಮೆಣಸಿನಕಾಯಿ ಮುಟ್ಟಿದ ಕೈಲೆ ಯಾರರ ಕಣ್ಣ ಒರಸ್ಕೋತಾರೇನು?” ಎಂದು ಕೇಳಿದರು. ಅಂದು ಅರ್ಧ ದಿನ ಅವರ ಪಕ್ಕದಲ್ಲಿಯೇ ಕುಳಿತೆ. ಮೂಗು ಬಾಯಿಗೆ ಬಟ್ಟೆ ಬಿಗಿದು, ಸುಕ್ಕುಗಟ್ಟಿದ ಕೆಂಪು ಕಾಯಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ತುಂಬನ್ನು ಚಿವುಟಿ ತೆಗೆಯುತ್ತಿದ್ದರು; ಕಣ್ಣು ಉರಿದಾಗ ಕೈ ಮೇಲೇಳುತ್ತಿರಲಿಲ್ಲ, ಹೆಗಲೇ ಏರಿ ಬಂದು ರವಿಕೆಯ ತೋಳು ಕಣ್ಣಿಗೆ ತಾಗುತ್ತಿತ್ತು. ಬ್ಯಾಡಗಿ ಕಾಯಿಗೆ ಖಾರ ಕಡಿಮೆಯೆಂಬ ಹೆಸರಿದೆ, ದಿನವಿಡೀ ಅದನ್ನು ಬಿಡಿಸುವ ಬೆರಳಿಗೆ ಮಾತ್ರ ಅದು ಕಡಿಮೆಯಲ್ಲ.

ಮನೆಗೆ ಬಂದು ತೇಪೆ, ಕಣ್ಣೀರು, ಬಾಗಿದ ಬೆನ್ನು ಎಲ್ಲವನ್ನೂ ಅಳಿಸಿದೆ. ಮುಖಕ್ಕೆ ಬಟ್ಟೆ ಬಂದದ್ದರಿಂದ ಮೂಗು ಬಾಯಿ ಬರೆಯುವ ಕೆಲಸವೇ ತಪ್ಪಿ, ಆಕೃತಿ ಮೊದಲಿಗಿಂತಲೂ ಸರಳವಾಯಿತು. ಉಳಿದ ಶ್ರಮವನ್ನು ತೋರುಬೆರಳಿಗೆ ಕೊಟ್ಟೆ. ಹೆಗಲು ಏರಿ ಇಳಿಯುವ ಚಲನೆಗೆ 7 ಚಿತ್ರಗಳು ಹಿಡಿದವು.

ದಲಾಲನ ಹೊಟ್ಟೆಯನ್ನೂ ಅಳಿಸಿದ್ದೇನೆ, ಅದರ ಜಾಗಕ್ಕೆ ಏನು ಬರಬೇಕೆಂಬುದು ಇನ್ನೂ ಸಿಕ್ಕಿಲ್ಲ. ಅಂಗಡಿಯೊಳಗೆ ಒಂದು ದಿನ ಕುಳಿತು ನೋಡಿ ಬಂದ ಮೇಲೆಯೇ ಆ ದೃಶ್ಯದ ಚಿತ್ರಗಳನ್ನು ಬರೆಯುತ್ತೇನೆ.