ನಡುವೆ ಬಂದ ಶಟಲ್ ಯಾರದು?

ಹಾಸನದಲ್ಲಿ ನಾನು ಚಿಕ್ಕವನಿದ್ದಾಗ ಬ್ಯಾಡ್ಮಿಂಟನ್ ಅಂದರೆ ಹಳದಿ ಉಣ್ಣೆ ಚೆಂಡಿನ ಬಾಲ್ ಬ್ಯಾಡ್ಮಿಂಟನ್. ಮಣ್ಣಿನ ಕೋರ್ಟ್, ಒಂದು ಕಡೆಗೆ ಐದು ಜನ. ನಾವು ಪುಕ್ಕದ ಕಾಕ್ ಇಟ್ಟುಕೊಂಡು ಆಡುತ್ತಿದ್ದ ಆಟಕ್ಕೆ ಸುಮ್ನೆ 'ಶಟಲ್' ಅನ್ನುತ್ತಿದ್ದರು. ಅದನ್ನೇ ನಂಬಿಕೊಂಡು ಹದಿನಾಲ್ಕಕ್ಕೆ ಬೆಂಗಳೂರಿಗೆ ಬಂದೆ. ಸಿಂಗಲ್ಸ್ ಆಡಬೇಕು, ಪ್ರಕಾಶ್ ಪಡುಕೋಣೆ ತರಹ ಆಗಬೇಕು, ಅಷ್ಟೇ ತಲೆಯಲ್ಲಿದ್ದಿದ್ದು.

ಹದಿನೇಳು ತುಂಬಿದಾಗ ಕೋಚ್ ಪಕ್ಕಕ್ಕೆ ಕರೆದರು. "ನಿನ್ನ ಕೈ ಚುರುಕು, ಕಾಲು ನಿಧಾನ. ಡಬಲ್ಸ್‌ಗೆ ಹೋಗು" ಅಂದರು. ಫೇಲಾದವರನ್ನು ಬೇರೆ ಸೆಕ್ಷನ್‌ಗೆ ಹಾಕಿದ ಹಾಗೆ ಅನ್ನಿಸಿತು. ಫೋನಿನಲ್ಲಿ ಹೇಳಿದರೆ ಅಪ್ಪ, "ಇಬ್ಬರು ಸೇರಿ ಗೆದ್ದರೆ ಅರ್ಧ ಗೆದ್ದ ಹಾಗಲ್ವೇನೋ?" ಅಂದರು. ಬಹುಮಾನದ ಮಟ್ಟಿಗೆ ಅದು ಸರಿಯೇ. ದುಡ್ಡು ಅರ್ಧ ಸಿಗುತ್ತಿತ್ತು, ರೈಲಿನ ಟಿಕೆಟ್ ಮಾತ್ರ ಪೂರ್ತಿ ತೆಗೆಸಬೇಕಿತ್ತು. 2010ರಲ್ಲಿ ದೆಹಲಿ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಜ್ವಾಲಾ ಗುಟ್ಟಾ ಜೊತೆ ನಮ್ಮ ಅಶ್ವಿನಿ ಪೊನ್ನಪ್ಪ ಚಿನ್ನ ಗೆದ್ದ ಮೇಲೆ ಅಪ್ಪ ಆ ಮಾತು ಎತ್ತಲಿಲ್ಲ. ಮರುವರ್ಷ ಲಂಡನ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅವರಿಗೆ ಕಂಚು ಬಂದಾಗ ಪೇಪರ್ ಕಟಿಂಗ್ ತೆಗೆದಿಟ್ಟವರೂ ಅಪ್ಪನೇ.

ನನಗೆ ಸಿಕ್ಕ ಪಾರ್ಟ್ನರ್ ಎಡಚ. ಎಡಚ ಸಿಕ್ಕರೆ ಅದೃಷ್ಟ ಅಂತ ಎಲ್ಲರೂ ಹೇಳುತ್ತಾರೆ. ಮೊದಲ ಆರು ತಿಂಗಳು ಅದು ಬರೀ ತಲೆನೋವು. ಅವನು ಬಲಕ್ಕೆ, ನಾನು ಎಡಕ್ಕೆ ನಿಂತರೆ ಇಬ್ಬರ ಫೋರ್‌ಹ್ಯಾಂಡೂ ನಡುವಿಗೆ ಬರುತ್ತದೆ. ಶಟಲ್ ಮಧ್ಯೆ ಬಂದರೆ ಸಾಕು, ಇಬ್ಬರೂ ನುಗ್ಗುತ್ತಿದ್ದೆವು. ರ‍್ಯಾಕೆಟ್‌ಗೆ ರ‍್ಯಾಕೆಟ್ ಬಡಿದು ಎರಡು ಫ್ರೇಮ್ ಹೋದವು. ಜಾಗ ಅದಲುಬದಲಾದರೆ ಇಬ್ಬರ ಬ್ಯಾಕ್‌ಹ್ಯಾಂಡೂ ನಡುವಿಗೆ. ಆಗ ಅವನು ತೆಗೀತಾನೆ ಅಂತ ನಾನು, ನಾನು ತೆಗೀತೀನಿ ಅಂತ ಅವನು. ಶಟಲ್ ಇಬ್ಬರ ನಡುವೆ ಆರಾಮಾಗಿ ಬೀಳುತ್ತಿತ್ತು.

ಕೋಚ್ ಒಂದೇ ನಿಯಮ ಹಾಕಿದರು. ಎದುರಾಳಿ ಸ್ಮ್ಯಾಷ್ ಹೊಡೆಯುವಾಗ ಅವನಿಗೆ ನೇರ ಎದುರು ಇರುವವನು ಸೈಡ್ ಗೆರೆ ಕಾಯಬೇಕು. ಓರೆಯಲ್ಲಿರುವವನು ಒಂದು ಹೆಜ್ಜೆ ಒಳಗೆ ಬಂದು ನಡುವನ್ನು ನೋಡಿಕೊಳ್ಳಬೇಕು. ಕೇಳುವುದಕ್ಕೆ ಸುಲಭ, ಅಲ್ವಾ? ಇದು ಮೈಗೆ ಹತ್ತಲಿ ಅಂತ ದಿನಾ ಅರ್ಧ ಗಂಟೆ ರ‍್ಯಾಕೆಟ್ ಇಲ್ಲದೆ ಓಡಿಸಿದರು. ಅವರು 'ಲಿಫ್ಟ್' (ಶಟಲ್ ಎತ್ತರಕ್ಕೆ, ಹಿಂದಕ್ಕೆ ಎತ್ತುವುದು) ಅಂದರೆ ಅಕ್ಕಪಕ್ಕ, 'ಡ್ರಾಪ್' (ನೆಟ್ ಹತ್ತಿರ ಮೆಲ್ಲಗೆ ಬೀಳಿಸುವುದು) ಅಂದರೆ ಒಬ್ಬ ಮುಂದೆ ಒಬ್ಬ ಹಿಂದೆ. ಬೇರೆ ಹುಡುಗರು ನಿಂತು ನಗುತ್ತಿದ್ದರು. ಸುಮಾರು ಒಂದು ವರ್ಷ ಆದ ಮೇಲೆ ಹಿಂದೆ ತಿರುಗಿ ನೋಡುವುದು ನಿಂತಿತು. ಅವನ ಶೂ ಸದ್ದಿನಲ್ಲೇ ಅವನು ಎಲ್ಲಿದ್ದಾನೆ ಅಂತ ಗೊತ್ತಾಗುತ್ತಿತ್ತು.

ಆಮೇಲೆ ಸರ್ವ್. ಹೊರಗಿನವರಿಗೆ ಕಾಣುವುದು ಜಂಪ್ ಸ್ಮ್ಯಾಷ್. ನನ್ನನ್ನು ಕೇಳಿದರೆ ಡಬಲ್ಸ್ ಆಟಗಾರನ ಅನ್ನ ಇರುವುದು ಸರ್ವ್‌ನಲ್ಲಿ, ಅದಾದ ಮೇಲೆ ಬರುವ ಎರಡು ಹೊಡೆತದಲ್ಲಿ. 2006ಕ್ಕೆ ಮುಂಚೆ ಸರ್ವ್ ಇದ್ದವರಿಗೆ ಮಾತ್ರ ಪಾಯಿಂಟ್, ಒಬ್ಬ ಕಳೆದರೆ ಜೊತೆಗಾರನಿಗೂ ಒಂದು ಅವಕಾಶ. ಆಮೇಲೆ ಬಂದ 21 ಪಾಯಿಂಟಿನ ಆಟದಲ್ಲಿ ಸರ್ವ್ ಯಾರದೇ ಇರಲಿ, ಗೆದ್ದವರಿಗೆ ಪಾಯಿಂಟ್. ಸರ್ವ್ ನೆಟ್‌ಗೆ ಹೋದರೆ ಎದುರಾಳಿಗೆ ಪುಕ್ಕಟೆ ಪಾಯಿಂಟ್. ನೆಟ್ ಮೇಲೆ ಒಂದು ಗೇಣು ಬಿಟ್ಟು ದಾರ ಕಟ್ಟಿ, ಆ ಸಂದಿಯಲ್ಲಿ ದಿನಕ್ಕೆ ಇನ್ನೂರು ಸರ್ವ್ ಹಾಕುತ್ತಿದ್ದೆ. ಹಳೆಯ, ಪುಕ್ಕ ಕಿತ್ತ ಕಾಕ್‌ಗಳಲ್ಲಿ ಮಾಡಬೇಡಿ. ಅವು ಬೇರೆ ಥರ ಹಾರುತ್ತವೆ, ಕೈ ಲೆಕ್ಕ ಕೆಡುತ್ತದೆ.

ಅಷ್ಟೆಲ್ಲಾ ಮಾಡಿದ್ದರೂ ಒಂದು ಸೆಮಿಫೈನಲ್‌ನಲ್ಲಿ, ಮೂರನೇ ಗೇಮ್ 19-19 ಇದ್ದಾಗ, ಕೈ ನಡುಗಿ ಸರ್ವ್ ನೆಟ್‌ಗೆ ಹೊಡೆದೆ. ಮುಂದಿನ ಪಾಯಿಂಟೂ ಹೋಯಿತು. ಪಾರ್ಟ್ನರ್ ಏನೂ ಅನ್ನಲಿಲ್ಲ. ರೂಮಿನಲ್ಲೂ ಅನ್ನಲಿಲ್ಲ. ಎರಡು ದಿನದ ಆ ಮೌನ ಸೋಲಿಗಿಂತ ಜಾಸ್ತಿ ಹಿಂಸೆ ಕೊಟ್ಟಿತು. ಬೈದಿದ್ದರೆ ಚೆನ್ನಾಗಿತ್ತು. ಕೊನೆಗೆ ವಾಪಸ್ ರೈಲಿನಲ್ಲಿ ನಾನೇ ಜಗಳ ತೆಗೆದೆ. ಅವತ್ತೇ ಒಪ್ಪಂದ ಆಯಿತು: ಪಾಯಿಂಟ್ ಬರಲಿ, ಹೋಗಲಿ, ಪ್ರತಿ ಸಲ ಕೈ ತಟ್ಟಬೇಕು. ಕೋರ್ಟ್‌ನಲ್ಲಿ ಮುಂದಿನ ಸರ್ವ್ ಬಗ್ಗೆ ಮಾತ್ರ ಮಾತು. ಬೈಗುಳ ಎಲ್ಲಾ ಊಟ ಆದ ಮೇಲೆ.

2018ರಲ್ಲಿ ಸರ್ವ್ ನಿಯಮ ಬದಲಾಯಿತು. ಆಟಗಾರ ಎಷ್ಟೇ ಉದ್ದ ಇರಲಿ, ನೆಲದಿಂದ 1.15 ಮೀಟರ್ ಒಳಗೇ ಶಟಲ್‌ಗೆ ರ‍್ಯಾಕೆಟ್ ತಾಗಬೇಕು. ಆರಡಿಗಿಂತ ಎತ್ತರದ ನನಗೆ ಹಳೆಯ ಅಭ್ಯಾಸವೆಲ್ಲಾ ಬಿಟ್ಟು ಮಂಡಿ ಬಗ್ಗಿಸಿ ಕಲಿಯಬೇಕಾಯಿತು. ಸರಿ ಹೋಗುವಷ್ಟರಲ್ಲಿ ಅವನ ಮೊಣಕಾಲು ಕೈಕೊಟ್ಟಿತು. ರ‍್ಯಾಂಕಿಂಗ್ ಇರುವುದು ಜೋಡಿಗೆ. ಒಬ್ಬನ ಮೊಣಕಾಲು ಅಂದರೆ ಇಬ್ಬರ ಮೊಣಕಾಲು. ಬೇರೆಯವರ ಜೊತೆ ಒಂದು ಸೀಸನ್ ಆಡಿದೆ. ಆಟ ಬಂತು, ಶೂ ಸದ್ದು ಅರ್ಥ ಆಗಲಿಲ್ಲ. ನಿಲ್ಲಿಸಿದೆ.

ಈಗ ಮಕ್ಕಳಿಗೆ ಕಲಿಸುತ್ತೇನೆ. ನಮ್ಮ ದೇಶದ ಡಬಲ್ಸ್ ಜೋಡಿ ಸಾತ್ವಿಕ್, ಚಿರಾಗ್ 2023ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದು ನಂಬರ್ ಒನ್ ಆದಮೇಲೆ ಕೆಲವು ತಂದೆತಾಯಿಗಳು ತಾವೇ ಬಂದು, "ಸರ್, ಡಬಲ್ಸ್‌ಗೆ ಹಾಕಿ" ಅನ್ನುತ್ತಾರೆ. ಮೊನ್ನೆ ಒಬ್ಬರು, "ಸ್ವಲ್ಪ ಚೆನ್ನಾಗಿ ಆಡುವ ಪಾರ್ಟ್ನರ್ ಕೊಡಿ ಸರ್" ಅಂದರು. ಪಕ್ಕದಲ್ಲಿ ನಿಂತಿದ್ದ ಇನ್ನೊಬ್ಬ ಹುಡುಗನ ಅಮ್ಮನೂ ಐದು ನಿಮಿಷ ಮುಂಚೆ ಅದನ್ನೇ ಕೇಳಿದ್ದರು. ಆ ಇಬ್ಬರು ಹುಡುಗರನ್ನೇ ಜೋಡಿ ಮಾಡಿದೆ. ಸದ್ಯಕ್ಕೆ ರ‍್ಯಾಕೆಟ್ ಬಡಿದಾಡುತ್ತಿವೆ.