ಕನ್ನಡದ ಕ್ರಿಯಾಪದ ಹಿಡಿದು ಇಂಗ್ಲಿಷ್ ಕಲಿತದ್ದು

ನಾನು ಓದಿದ್ದು ಕನ್ನಡ ಮಾಧ್ಯಮ. ಕೆಲಸ ಸಿಕ್ಕಿದ್ದು ಬೆಂಗಳೂರಿನ ಒಂದು ಗಾರ್ಮೆಂಟ್ಸ್ ಕಂಪನಿಯ ಮರ್ಚಂಡೈಸಿಂಗ್ ವಿಭಾಗದಲ್ಲಿ. ಅಂದರೆ ದಿನವಿಡೀ ಹೊರದೇಶದ ಬೈಯರ್‌ಗಳಿಗೆ ಮೇಲ್ ಬರೆಯೋದು. ಸ್ಯಾಂಪಲ್ ಯಾವಾಗ ಹೊರಡುತ್ತೆ, ಬಟ್ಟೆ ಬಂತಾ, ಬಟನ್ ಬಣ್ಣ ಹೊಂದುತ್ತಾ, ಇಷ್ಟೇ ವಿಷಯ. ಇದಕ್ಕೆ ದೊಡ್ಡ ದೊಡ್ಡ ಪದ ಬೇಡ. ಕಾಡುವುದು ಸೇ, ಟೆಲ್, ಹಿಯರ್, ಲಿಸನ್, ರೈಸ್, ರೇಸ್ ಥರದ ಚಿಲ್ಲರೆ ಪದಗಳೇ.

ಗೊಂದಲದ ಪದಗಳು ಅಂತ ಸಿಗುವ ಪಟ್ಟಿಗಳನ್ನು ಬಾಯಿಪಾಠ ಮಾಡೋದರಲ್ಲಿ ನನಗೆ ನಂಬಿಕೆ ಇಲ್ಲ. ಅದರಲ್ಲಿ ಎಷ್ಟೋ ಜೋಡಿ ನಮಗೆ ಗೊಂದಲವೇ ಅಲ್ಲ. ಬ್ರಿಂಗ್, ಟೇಕ್ ತಗೊಳ್ಳಿ. ತಗೊಂಡು ಬಾ, ತಗೊಂಡು ಹೋಗು. ಮುಗೀತು, ಅಲ್ವಾ? ನಮಗೆ ಕಷ್ಟ ಬರೋದು ಕನ್ನಡದ ಒಂದೇ ಪದಕ್ಕೆ ಇಂಗ್ಲಿಷ್‌ನಲ್ಲಿ ಮೂರು ನಾಲ್ಕು ಇದ್ದಾಗ. ಹಾಗಾಗಿ ಒಂದು ನೋಟ್‌ಬುಕ್ ಇಟ್ಟುಕೊಂಡು, ಪುಟಕ್ಕೊಂದರಂತೆ ಕನ್ನಡದ ಕ್ರಿಯಾಪದ ಬರೆದೆ. ಆ ಪದ ಇಂಗ್ಲಿಷ್‌ನಲ್ಲಿ ಎಲ್ಲೆಲ್ಲಿ ಕವಲೊಡೆಯುತ್ತೆ ಅಂತ ಕೆಳಗೆ ಸೇರಿಸುತ್ತಾ ಹೋದೆ. ಬರೀ ಅರ್ಥ ಅಲ್ಲ, ಆಫೀಸಿನಲ್ಲಿ ನಿಜವಾಗಿ ಬೇಕಾಗುವ ಪೂರ್ತಿ ವಾಕ್ಯ.

‘ಕೇಳು’ ಪುಟ ನೋಡಿ. ದರ ಕೇಳಿದರೆ ಆಸ್ಕ್ ದ ಪ್ರೈಸ್. ಸ್ಯಾಂಪಲ್ ಕೊಡಿ ಅಂತ ಕೇಳಿದರೆ ಆಸ್ಕ್ ಫಾರ್ ಎ ಸ್ಯಾಂಪಲ್, ಆ ಫಾರ್ ಬಿಡಬಾರದು. ಹೇಳಿದ್ದನ್ನು ಗಮನ ಕೊಟ್ಟು ಕೇಳಿದರೆ ಲಿಸನ್ ಟು. ವಿಡಿಯೋ ಕಾಲ್‌ನಲ್ಲಿ ‘ಕೇಳಿಸ್ತಾ ಇದೆಯಾ?’ ಅನ್ನೋದಕ್ಕೆ ಮಾತ್ರ ಕ್ಯಾನ್ ಯು ಹಿಯರ್ ಮಿ. ಕೇಳು ಮತ್ತು ಕೇಳಿಸು ಬೇರೆ ಅಂತ ನಮಗೆ ಮೊದಲೇ ಗೊತ್ತು. ಲಿಸನ್, ಹಿಯರ್ ನಡುವೆ ಇರೋದೂ ಅದೇ ವ್ಯತ್ಯಾಸ. ನೋಡು, ಕಾಣಿಸು ಕೂಡ ಹಾಗೇ. ನಾವಾಗಿ ನೋಡಿದರೆ ಲುಕ್ ಅಟ್, ಕಣ್ಣಿಗೆ ಬಿದ್ದರೆ ಸೀ, ನಡೀತಾ ಇರೋದನ್ನು ನೋಡ್ತಾ ಕೂತರೆ ವಾಚ್. ಸಿನಿಮಾಗೆ ಸೀ, ವಾಚ್ ಎರಡೂ ನಡೆಯುತ್ತೆ, ತಲೆ ಕೆಡಿಸಿಕೊಳ್ಳಬೇಡಿ.

ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ನಮ್ಮ ‘ಇಸು’. ಏರು, ಏರಿಸು. ನೂಲಿನ ದರ ಏರಿದೆ ಅಂದರೆ ಯಾರ್ನ್ ಪ್ರೈಸಸ್ ಹ್ಯಾವ್ ರಿಸನ್. ಮಿಲ್‌ನವರು ದರ ಏರಿಸಿದ್ದಾರೆ ಅಂದರೆ ದ ಮಿಲ್ ಹ್ಯಾಸ್ ರೇಸ್ಡ್ ಇಟ್ಸ್ ಪ್ರೈಸಸ್. ಕನ್ನಡದಲ್ಲಿ ಇಸು ಬಂದರೆ ರೇಸ್, ಇಲ್ಲದಿದ್ದರೆ ರೈಸ್. ರಿಮೆಂಬರ್, ರಿಮೈಂಡ್ ಕೂಡ ಹಾಗೇ. ‘ನಾಳೆ ನೆನಪಿಸಿ’ ಅಂದರೆ ರಿಮೈಂಡ್ ಮಿ ಟುಮಾರೋ.

ಇಂಗ್ಲಿಷ್ ಮನೆಮಾತಿನವರೇ ತಡವರಿಸುವ ಲೈ, ಲೇ ಜೋಡಿಯನ್ನು ನನಗೆ ಕಲಿಸಿದ್ದು ನಮ್ಮ ಕಟಿಂಗ್ ಸೆಕ್ಷನ್. ಅಲ್ಲಿ ಉದ್ದನೆ ಮೇಜಿನ ಮೇಲೆ ಬಟ್ಟೆಯನ್ನು ಪದರದ ಮೇಲೆ ಪದರ ಹಾಸ್ತಾರೆ. ಅದಕ್ಕೆ ಲೇ ಹಾಕೋದು ಅಂತಲೇ ಹೆಸರು. ಲೇ ಅನ್ನೋದಕ್ಕೆ ಹಾಸೋಕೆ ಏನಾದರೂ ಬೇಕು. ಬಟ್ಟೆ ಸುಮ್ನೆ ಮೇಜಿನ ಮೇಲೆ ಬಿದ್ದಿದ್ದರೆ ಅದು ಲೈ. ಒಂದೇ ತೊಡಕು, ಲೈ ಪದದ ಭೂತಕಾಲ ಕೂಡ ಲೇ. ಬಟ್ಟೆ ನಿನ್ನೆ ಅಲ್ಲೇ ಬಿದ್ದಿತ್ತು ಅಂದರೆ ಇಟ್ ಲೇ ದೇರ್ ಯೆಸ್ಟರ್‌ಡೇ. ಹಾಸಿದ್ದಕ್ಕೆ ಲೇಡ್. ಇದನ್ನು ಉರು ಹೊಡೆಯದೆ ಬೇರೆ ದಾರಿ ಇಲ್ಲ.

ಇನ್ನು ಕನ್ನಡವೇ ದಾರಿ ತಪ್ಪಿಸುವ ಜಾಗಗಳು. ‘ನನಗೆ’ ಅನ್ನೋದನ್ನು ಹಾಗೇ ದಾಟಿಸಿದರೆ ಸೇ ಮಿ, ಎಕ್ಸ್‌ಪ್ಲೇನ್ ಮಿ ಆಗುತ್ತೆ. ಟೆಲ್ ಮಿ ಸರಿ. ಉಳಿದವಕ್ಕೆ ಟು ಮಿ ಬೇಕು. ‘ಬಗ್ಗೆ’ ಇದೆ ಅಂತ ಡಿಸ್ಕಸ್ ಅಬೌಟ್ ಬರೀತೀವಿ, ಆ ಅಬೌಟ್ ಬೇಡ. ‘ಇಂದ’ ಕೂಡ ಹಾಗೇ. ಸೋಮವಾರದಿಂದ ಅಂದರೆ ಸಿನ್ಸ್ ಮಂಡೇ, ಎರಡು ವಾರದಿಂದ ಅಂದರೆ ಫಾರ್ ಟೂ ವೀಕ್ಸ್. ಶುರುವಾದ ದಿನ ಹೇಳಿದರೆ ಸಿನ್ಸ್, ಎಷ್ಟು ಕಾಲ ಅಂತ ಹೇಳಿದರೆ ಫಾರ್.

ಇಂಗ್ಲಿಷ್-ಕನ್ನಡ ನಿಘಂಟು ಪದದ ಅರ್ಥಕ್ಕೆ ಚೆನ್ನಾಗಿದೆ. ಆದರೆ ಪದದ ಹಿಂದೆ ಮುಂದೆ ಏನು ಬರುತ್ತೆ ಅಂತ ನೋಡೋಕೆ ಕಲಿಯುವವರಿಗಾಗಿಯೇ ಮಾಡಿದ ಡಿಕ್ಷನರಿ ಬೇಕು. ಎ.ಎಸ್. ಹಾರ್ನ್‌ಬಿ ಜಪಾನಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದವರು. ಅವರು ಜೊತೆಗಾರರ ಸಂಗಡ ಮಾಡಿದ ಇಂಥ ಡಿಕ್ಷನರಿ ಮೊದಲು 1942ರಲ್ಲಿ ಟೋಕಿಯೋದಲ್ಲಿ ಬಂತು, 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ಹೊರತಂದಿತು. ಕ್ರಿಯಾಪದ ವಾಕ್ಯದಲ್ಲಿ ಹೇಗೆ ಕೂರುತ್ತೆ ಅಂತ ತೋರಿಸೋದೇ ಅದರ ದೊಡ್ಡ ಗುಣ. ಈಗ ಅಂಥವು ಮೊಬೈಲ್‌ನಲ್ಲೇ ಪುಕ್ಕಟೆ ಸಿಗುತ್ತವೆ. ನಾನು ಅರ್ಥಕ್ಕಿಂತ ಮೊದಲು ಉದಾಹರಣೆ ವಾಕ್ಯ ಓದ್ತೀನಿ.

ಆಫೀಸ್ ಒಳಗೆ ಓಡುವ ಪದಗಳಿಗೆ ಬೇರೆಯೇ ಪುಟ ಇದೆ. ನಿಗದಿಗಿಂತ ಮೊದಲೇ ಇಟ್ಟುಕೊಳ್ಳೋದಕ್ಕೆ ನಾವು ಹೇಳುವ ಪ್ರಿಪೋನ್ ತಪ್ಪು ಅಂತ ಬೈಯೋದು ನನಗೆ ಇಷ್ಟ ಇಲ್ಲ. ಆಕ್ಸ್‌ಫರ್ಡ್ ಡಿಕ್ಷನರಿಯಲ್ಲೂ ಅದು ಭಾರತದ ಬಳಕೆ ಅಂತ ಇದೆ. ಬೈಯರ್‌ಗೆ ಬರೆಯುವಾಗ ಮಾತ್ರ ಬ್ರಾಟ್ ಫಾರ್ವರ್ಡ್ ಅಂತ ಬರೀತೀನಿ. ಪಾಸ್ಡ್ ಔಟ್ ಹಾಗಲ್ಲ. ನಮಗೆ ಅದು ಡಿಗ್ರಿ ಮುಗಿಸಿದ್ದು, ಅವರಿಗೆ ಜ್ಞಾನ ತಪ್ಪಿ ಬಿದ್ದದ್ದು. ಹೊಸದಾಗಿ ಸೇರಿದವರ ಪರಿಚಯದ ಮೇಲ್‌ನಲ್ಲಿ ಅದು ಕಂಡರೆ ಕಳಿಸೋ ಮೊದಲೇ ಗ್ರ್ಯಾಜುಯೇಟೆಡ್ ಅಂತ ತಿದ್ದಿಸ್ತೀನಿ.